ಕಾರಿನೊಳಗಿನ ಲೈಟಿಂಗ್: ಬಣ್ಣ ಆಮೇಲೆ ನೋಡೋಣ, ಮೊದಲು ಮಂದ ಮಾಡಿ

ಕಾರಿಗೆ ಆರ್‌ಜಿಬಿ ಸ್ಟ್ರಿಪ್ (ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಕೊಡುವ ಎಲ್‌ಇಡಿ ಪಟ್ಟಿ) ಹಾಕಿಸಿದವರೆಲ್ಲ ಆ್ಯಪ್‌ನಲ್ಲಿ ಬಣ್ಣದ ಚಕ್ರ ತಿರುಗಿಸುತ್ತಾ ಕೂರುತ್ತಾರೆ. ಬ್ರೈಟ್‌ನೆಸ್ ಮಾತ್ರ 100ರಲ್ಲೇ ಇರುತ್ತದೆ. ನಿಂತ ಕಾರಿನಲ್ಲಿ ಫೋಟೊಗೆ ಅದು ಚೆನ್ನಾಗಿಯೇ ಕಾಣುತ್ತದೆ. ಬೀದಿದೀಪವಿಲ್ಲದ ರಸ್ತೆಗೆ ಇಳಿದಾಗ ಮಾತ್ರ ಅದೇ ಬೆಳಕು ಮುಂದಿನ ಗಾಜಿನಲ್ಲಿ ಮೂಡಿ ರಸ್ತೆಯನ್ನೇ ಮಸುಕು ಮಾಡುತ್ತದೆ.

ಅಗ್ಗದ ಕಂಟ್ರೋಲರ್‌ನಲ್ಲಿ (ಸ್ಟ್ರಿಪ್ ನಿಯಂತ್ರಿಸುವ ಪೆಟ್ಟಿಗೆ) ಬ್ರೈಟ್‌ನೆಸ್ ಸ್ಲೈಡರ್ 10ಕ್ಕೆ ಇಳಿಸಿದರೆ ಬೆಳಕು ನಿಜಕ್ಕೂ ಹತ್ತನೇ ಒಂದು ಭಾಗ ಆಗುತ್ತದೆ, ಆದರೆ ಕಣ್ಣಿಗೆ ಅದು ಸುಮಾರು ಮೂರನೇ ಒಂದು ಭಾಗದಷ್ಟು ಕಾಣುತ್ತದೆ. ಹಾಗಾಗಿ ರಾತ್ರಿ ಓಡಿಸಲು ಸರಿಹೊಂದುವ ಮಟ್ಟ ಬಹುತೇಕ 5ರಿಂದ 10ರ ನಡುವೆಯೇ ಸಿಗುತ್ತದೆ. ಅಷ್ಟು ಇಳಿಸಿದಾಗ ಇನ್ನೊಂದು ತಮಾಷೆ ಶುರು. ಪ್ರತಿ ಬಣ್ಣಕ್ಕೂ 0ಯಿಂದ 255ರ ಅಳತೆ. ಆಂಬರ್‌ಗೆ (ಕಿತ್ತಳೆ-ಹಳದಿ) ಕೆಂಪು 255, ಹಸಿರು 80ರ ಆಸುಪಾಸು, ನೀಲಿ 0 ಇಟ್ಟಿದ್ದೀರಿ ಎನ್ನಿ. 5 ಪರ್ಸೆಂಟ್‌ಗೆ ಇಳಿಸಿದರೆ ಹಸಿರಿಗೆ ಉಳಿಯುವುದು ಬರೀ 4. ಇನ್ನೂ ಇಳಿಸಿದರೆ ಹಸಿರು ಪೂರ್ತಿ ಆರಿ ಆಂಬರ್ ಹೋಗಿ ಕೆಂಪಾಗುತ್ತದೆ. ಬೇಕಾದ ಮಂದ ಬೆಳಕಿನಲ್ಲೇ ಬಣ್ಣ ಆರಿಸಿ, ಅದೂ ಎಂಜಿನ್ ಚಾಲೂ ಇಟ್ಟುಕೊಂಡು.

ಎಂಜಿನ್ ಯಾಕೆ ಅಂದರೆ, 12 ವೋಲ್ಟ್‌ನ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ ಸಾಲಾಗಿ, ಜೊತೆಗೆ ಕರೆಂಟ್ ಮಿತಿಯಲ್ಲಿಡುವ ಒಂದು ರೆಸಿಸ್ಟರ್ ಇರುತ್ತದೆ. ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗುವಾಗ ವೋಲ್ಟೇಜ್ 14ರ ಮೇಲೆ ಹೋಗುತ್ತದೆ. ಕೆಂಪಿನ ಮೂರು ಎಲ್‌ಇಡಿಗೆ ಸುಮಾರು 6 ವೋಲ್ಟ್ ಸಾಕು, ನೀಲಿ-ಹಸಿರಿಗೆ 9ಕ್ಕಿಂತ ಹೆಚ್ಚು ಬೇಕು. ಏರಿದ ಎರಡು ವೋಲ್ಟ್ ಪೂರ್ತಿ ರೆಸಿಸ್ಟರ್ ಮೇಲೆ ಬೀಳುವುದರಿಂದ ಕೆಂಪಿಗಿಂತ ನೀಲಿ-ಹಸಿರಿನ ಕರೆಂಟ್ ಬಹಳ ಹೆಚ್ಚುತ್ತದೆ. ಎಂಜಿನ್ ಆಫ್ ಇದ್ದಾಗ ಹದವಾಗಿದ್ದ ಬಿಳಿ, ಸ್ಟಾರ್ಟ್ ಮಾಡಿದ ಕೂಡಲೇ ನೀಲಿಗೆ ಹೊರಳುವುದು ಇದೇ ಕಾರಣಕ್ಕೆ.

ಇನ್ನು ಬಣ್ಣಕ್ಕೆ ಬಂದರೆ, ಐಸ್ ಬ್ಲೂ (ತಿಳಿನೀಲಿ) ಬಗ್ಗೆ ನನಗೆ ಸ್ವಲ್ಪವೂ ಮರುಕವಿಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣು 507 ನ್ಯಾನೊಮೀಟರ್ ಸುತ್ತಲಿನ ನೀಲಿ-ಹಸಿರಿಗೇ ಅತಿ ಸೂಕ್ಷ್ಮ, ಕಡುಗೆಂಪಿಗೆ ಹೆಚ್ಚೂಕಡಿಮೆ ಕುರುಡು. ಹಾಗಂತ ಡ್ಯಾಶ್‌ಬೋರ್ಡ್ ಮೀಟರ್ ಪಕ್ಕದಲ್ಲೇ ಕೆಂಪು ಇಟ್ಟರೆ ವಾರ್ನಿಂಗ್ ಲ್ಯಾಂಪ್ ಅದರಲ್ಲಿ ಕಲೆತುಹೋಗುತ್ತದೆ. ನನ್ನ ಓಟು ಆಂಬರ್‌ಗೆ, ಅದೂ ಕಾಲ ಬಳಿ. ಎಲ್‌ಇಡಿಯ ಚುಕ್ಕೆಗಳು ನೇರವಾಗಿ ಕಣ್ಣಿಗೆ ಕಾಣಬಾರದು, ಅದು ಬೆಳಗಿಸಿದ ಜಾಗ ಮಾತ್ರ ಕಾಣಬೇಕು.

ವೈರಿಂಗ್‌ಗೆ ಬನ್ನಿ. ಒಂದು ಮೀಟರ್ ಉದ್ದಕ್ಕೆ 60 ಎಲ್‌ಇಡಿ ಇರುವ 5050 (ಎಲ್‌ಇಡಿಯ ಅಳತೆ) ಸ್ಟ್ರಿಪ್ ಪೂರ್ತಿ ಬಿಳಿಯಲ್ಲಿ ಸುಮಾರು 1.2 ಆಂಪಿಯರ್ ಎಳೆಯುತ್ತದೆ. ನಾಲ್ಕು ಕಾಲುಜಾಗಕ್ಕೆ ತಲಾ 30 ಸೆಂ.ಮೀ. ಹಾಕಿದರೆ ಒಂದೂವರೆ ಆಂಪಿಯರ್, ಎಂಜಿನ್ ಚಾಲೂ ಇದ್ದಾಗ ಇನ್ನಷ್ಟು. 3 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದಲೇ ಹೊಸ ಲೈನ್ ತೆಗೆಯುವ ಕನೆಕ್ಟರ್) ಹಾಕಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಆ್ಯಕ್ಸೆಸರಿ ಲೈನ್‌ನಿಂದ ತೆಗೆದುಕೊಳ್ಳಿ. ಸದಾ ಕರೆಂಟ್ ಇರುವ ಫ್ಯೂಸಿಗೆ ಕಟ್ಟಿದರೆ ಬ್ಲೂಟೂತ್ ಕಂಟ್ರೋಲರ್ ಮಲಗುವುದೇ ಇಲ್ಲ, ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ. ಹೆಡ್‌ಲೈಟ್ ಜೊತೆ ಹೊತ್ತಬೇಕು ಅಂದರೆ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಬೇಕು. ಅದರ ಪಿನ್ ನಂಬರ್‌ಗಳ ಪ್ರಕಾರ: 86 ಪಾರ್ಕ್ ಲ್ಯಾಂಪ್ ಲೈನಿಗೆ, 85 ಅರ್ಥಿಂಗ್‌ಗೆ, 30 ಫ್ಯೂಸ್ ಇರುವ ಸಪ್ಲೈಗೆ, 87 ಕಂಟ್ರೋಲರಿಗೆ. ಮೀಟರ್ ಲೈಟಿನ ಡಿಮ್ಮರ್ ಲೈನಿಗೆ ರಿಲೇಯ ಕಾಯಿಲ್ (85-86 ಪಿನ್) ಕಟ್ಟಬೇಡಿ. ಹೊಸ ಕಾರುಗಳಲ್ಲಿ ಅದು ಆನ್-ಆಫ್ ಪಲ್ಸ್ ಆಗಿ ಬರುವುದರಿಂದ ರಿಲೇ ಕಟಕಟ ಅನ್ನುತ್ತಲೇ ಇರುತ್ತದೆ. ಕೊಳ್ಳುವ ಮೊದಲು ಕಂಟ್ರೋಲರಿನ ಕರೆಂಟ್ ತೆಗೆದು ಮತ್ತೆ ಕೊಟ್ಟು ನೋಡಿ. ಮೆಮೊರಿ ಇಲ್ಲದಿದ್ದರೆ ಪ್ರತಿ ಸ್ಟಾರ್ಟ್‌ಗೂ ಕಾಮನಬಿಲ್ಲಿನ ಕುಣಿತ ನೋಡಬೇಕಾಗುತ್ತದೆ.

ಅಂಟು ಬಿಡುವುದು ಎಲ್ಲರ ಗೋಳು. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿದ ಮೇಲೆ ಅಂಟಿಸಿ. ತರಿತರಿ ಪ್ಲಾಸ್ಟಿಕ್ ಮೇಲೆ ಟೇಪನ್ನು ನಂಬದೆ ಕ್ಲಿಪ್ ಹಾಕಿ. ಬಿಸಿಲಿಗೆ ನಿಂತ ಕಾರಿನಲ್ಲಿ ಸ್ಟ್ರಿಪ್ ಜಾರಿ ಪೆಡಲ್ ಹತ್ತಿರ ನೇತಾಡಬಾರದು. ಮುಂದಿನ ಕಂಬದ ಟ್ರಿಮ್ ಒಳಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದರ ಮುಂದೆ ವೈರ್ ಎಳೆಯಲೇಬೇಡಿ. ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆ ತೆಗೆಯಿರಿ.