ಅದು ಜೆಸಿಬಿ ಅಲ್ಲ

ಬೆಳಿಗ್ಗೆ ಏಳಕ್ಕೇ ಮನೆ ಮುಂದಿನ ರಸ್ತೆ ಅಗೆಯಲು ಶುರು ಮಾಡಿದರು. ಈ ವರ್ಷ ಇದು ಮೂರನೇ ಸಲ. ಮೊದಲು ಒಳಚರಂಡಿಗೆ ಅಗೆದರು, ಮುಚ್ಚಿದರು. ಆಮೇಲೆ ಕೇಬಲ್‌ಗೆ ಅಗೆದರು, ಅರ್ಧ ಮುಚ್ಚಿದರು. ಈ ಸಲ ಯಾತಕ್ಕೆ ಅಂತ ಅಗೆಯುವವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಆಫೀಸಿನಿಂದ ಫೋನ್. "ಏನೂ ಕೇಳಿಸ್ತಿಲ್ಲ ಸಾರ್, ಮನೆ ಮುಂದೆ ಜೆಸಿಬಿ ಬಂದಿದೆ" ಎಂದು ಕಿರುಚಿದೆ.

"ಅದು ಜೆಸಿಬಿ ಅಲ್ಲ."

ಹಿಂದೆ ನಿಂತಿದ್ದವರು ನಮ್ಮ ಸೋದರಮಾವ. ಎಂಬತ್ತು ದಾಟಿದೆ. ಮಂಡಿನೋವಿಗೆ ಡಾಕ್ಟರ್ ಹತ್ತಿರ ತೋರಿಸಲು ಊರಿಂದ ಬಂದಿದ್ದಾರೆ. ಮೂವತ್ತು ವರ್ಷಕ್ಕೂ ಜಾಸ್ತಿ ಡೋಜರ್, ಅಂದರೆ ಮುಂದಿನ ಅಗಲವಾದ ಅಲಗಿನಿಂದ ಮಣ್ಣು ತಳ್ಳುವ ಬುಲ್ಡೋಜರ್, ಓಡಿಸಿದವರು. ಕಿವಿ ಅಷ್ಟಕ್ಕಷ್ಟೆ, ಅದೂ ಡೋಜರ್ ಕೊಟ್ಟ ಪಿಂಚಣಿಯೇ. ಆದರೆ ಜೆಸಿಬಿ ಅನ್ನೋ ಮೂರಕ್ಷರ ಮಾತ್ರ ಎಷ್ಟು ದೂರದಿಂದಲೂ ಕೇಳಿಸುತ್ತದೆ.

ನಮ್ಮ ಜನರ ಲೆಕ್ಕ ಸುಲಭ. ಮಣ್ಣು ಅಗೆಯುವ ಗಾಡಿಗೆ ಟಯರ್ ಇದ್ದರೆ ಜೆಸಿಬಿ, ಚೈನ್ ಇದ್ದರೆ ಹಿಟಾಚಿ. ಯಾವ ಕಂಪನಿ ಮಾಡಿದ್ದಾದರೂ ಸರಿ. ಮಾವನಿಗೆ ಇದು ಆಗಿಬರದ ಮಾತು. ಜೆಸಿಬಿ ಅಂದರೆ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್. 1945ರಲ್ಲಿ ಇಂಗ್ಲೆಂಡಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಟ್ರೈಲರ್ ಮಾಡಿ ಮಾರಿ ಶುರು ಮಾಡಿದ ಮನುಷ್ಯ. "ಅದು ಒಬ್ಬನ ಇನಿಶಿಯಲ್ಲು ಕಣೋ. ನಿನ್ನ ಇನಿಶಿಯಲ್ ಹಿಡಿದು ಊರಿನ ಗಂಡಸರನ್ನೆಲ್ಲ ಕರೆದರೆ ಒಪ್ತೀಯಾ?"

ಟಿವಿಯವರನ್ನು ಕಂಡರಂತೂ ಉರಿದು ಬೀಳುತ್ತಾರೆ. "ಬುಲ್ಡೋಜರ್ ನುಗ್ಗಿತು" ಅಂತ ಅವರು ಅರಚುವಾಗ ತೋರಿಸುವುದು ಮುಂದೆ ಬಕೆಟ್, ಹಿಂದೆ ಕೊಕ್ಕು ಇರುವ ಗಾಡಿಯನ್ನು. ಯಾರ ಮನೆ ಬಿತ್ತು, ಯಾಕೆ ಬಿತ್ತು ಅನ್ನುವುದಕ್ಕಿಂತ ಮೊದಲು ಮಾವನ ಕಣ್ಣಿಗೆ ಚುಚ್ಚುವುದು ಇದು. "ಮನೆ ಕಳಕೊಂಡವನು ಗಾಡಿ ಹೆಸರು ಕಟ್ಟಿಕೊಂಡು ಏನು ಮಾಡಬೇಕು ಮಾವ?" ಎಂದೆ ಒಮ್ಮೆ. ಎರಡು ದಿನ ಮಾತಾಡಲಿಲ್ಲ. ನಾನೂ ಮಾತಾಡಿಸಲು ಹೋಗಲಿಲ್ಲ.

ಅವರಿಗೆ ಇದಕ್ಕಿಂತ ದೊಡ್ಡ ಸಂಕಟ ಬೆಮೆಲ್‌ದು. 1964ರಲ್ಲಿ ಹುಟ್ಟಿದ ಕಂಪನಿ, ಡೋಜರ್ ತಯಾರಾಗುವುದು ನಮ್ಮದೇ ಕೆಜಿಎಫ್‌ನಲ್ಲಿ. ಜಪಾನಿನ ಕೊಮಾತ್ಸು ಹೇಳಿಕೊಟ್ಟ ವಿದ್ಯೆ. ಮಾವ ಕೊನೆಕೊನೆಗೆ ಓಡಿಸಿದ್ದು ಅಲ್ಲಿಯ ಡಿ-80. ಚಿನ್ನದ ಊರಿನ ಗಾಡಿ ಅಂತ ಈಗಲೂ ಬೀಗುತ್ತಾರೆ. ಬೆಂಗಳೂರಿನಲ್ಲಿ ಬೆಮೆಲ್ ಅಂದು ನೋಡಿ. "ಬೆಮೆಲ್ ಲೇಔಟಾ? ಸೈಟ್ ರೇಟ್ ಎಷ್ಟಿದೆ ಈಗ?" ಅನ್ನುತ್ತಾರೆ.

ಈ ಹೆಸರಿನ ಜಗಳದೊಳಗೆ ಏನೋ ಒಂದು ಗಹನವಾದ ಸಂಗತಿ ಇದೆ ಅನ್ನಿಸಿತು. ಅದನ್ನೇ ಬರೆಯೋಣ ಅಂತ ಕೂತೆ. ಅಷ್ಟರಲ್ಲಿ ತಿಂಡಿಗೆ ಕೂತಿದ್ದ ಮಾವ ಮರಿ ಇಂಜಿನ್ನಿನ ಕಥೆ ತೆಗೆದರು.

ಅವರು ಮೊದಲು ಹತ್ತಿದ್ದು ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಹಳೇ ಡೋಜರ್, ಡಿ-8. ಎಷ್ಟು ಕೈ ದಾಟಿ ಆ ಕಂಟ್ರಾಕ್ಟರ್ ಹತ್ತಿರ ಬಂದಿತ್ತೋ ದೇವರಿಗೇ ಗೊತ್ತು. ಅದರ ಡೀಸೆಲ್ ಇಂಜಿನ್ ಎಬ್ಬಿಸಲು ಪಕ್ಕದಲ್ಲೇ ಇನ್ನೊಂದು ಪುಟ್ಟ ಪೆಟ್ರೋಲ್ ಇಂಜಿನ್. ಎರಡೇ ಸಿಲಿಂಡರ್. ಆನೆ ಎಬ್ಬಿಸಲು ಕತ್ತೆಮರಿ. ಮಾವ ಇಡ್ಲಿ ಪಾತ್ರೆಯನ್ನು ದೊಡ್ಡ ಇಂಜಿನ್ ಮಾಡಿದರು. ಚಟ್ನಿ ಬಟ್ಟಲು ಮರಿ ಆಯಿತು.

"ಮೊದಲು ಮರಿಗೆ ಪೆಟ್ರೋಲ್ ಬಿಡಬೇಕು. ಹ್ಯಾಂಡಲ್ ಹೊಡೀಬೇಕು. ಹೆಬ್ಬೆರಳು ಹ್ಯಾಂಡಲ್‌ಗೆ ಸುತ್ತಬಾರದು, ನೋಡು, ಹೀಗೆ ಮಡಿಸಿ ಇಟ್ಕೋಬೇಕು. ವಾಪಸ್ ಹೊಡೆದರೆ ಬೆರಳು ಹೋಯ್ತು."

ಮರಿ ಟಕಟಕ ಅನ್ನುತ್ತಿದ್ದ ಹಾಗೆ ಬೀಡಿ ಹಚ್ಚಬಹುದಂತೆ. ಅವಸರ ಮಾಡುವ ಹಾಗಿಲ್ಲ. ಎರಡು ಇಂಜಿನ್ನಿಗೂ ಓಡಾಡುವ ನೀರು ಒಂದೇ. ಮರಿ ಬಿಸಿಯಾದರೆ ದೊಡ್ಡದಕ್ಕೂ ಬೆಚ್ಚಗಾಗುತ್ತದೆ. ಮರಿ ಬಿಡುವ ಹೊಗೆ ಕೂಡ ದೊಡ್ಡದು ಎಳೆದುಕೊಳ್ಳುವ ಗಾಳಿಯನ್ನು ಬಿಸಿ ಮಾಡಿಯೇ ಹೊರಗೆ ಹೋಗುತ್ತದೆ. ಆಮೇಲೆ ದೊಡ್ಡದರ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯ ಒತ್ತಡ, ಬಿಡಿಸಿ (ಇಲ್ಲಿ ಚಮಚ ಮೇಲೆತ್ತಿದರು), ಮರಿಯ ಕ್ಲಚ್ ಕೊಟ್ಟು, ಅದನ್ನು ಸುಮ್ನೆ ತಿರುಗಿಸುತ್ತಾ ಇರಬೇಕು. ಆಯಿಲ್ ಪ್ರೆಶರ್ ಮುಳ್ಳು ಏಳಬೇಕು. ಎದ್ದ ಮೇಲೆ ಕಂಪ್ರೆಶನ್ ಕೊಡು (ಚಮಚ ಕೆಳಗೆ). ಆಮೇಲೆ ಡೀಸೆಲ್.

"ಆಗ ಒಂದು ಸಲ ಕೆಮ್ಮುತ್ತೆ. ಹಿಂಗೆ." ಮಾವ ಕೆಮ್ಮಿ ತೋರಿಸಿದರು. ನನ್ನ ಹೆಂಡತಿ ಗಾಬರಿಯಾಗಿ ಒಳಗಿನಿಂದ ನೀರು ತಂದಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಮರಿ ಏಳಲೇ ಇಲ್ಲವಂತೆ. ಮಾವ ಹ್ಯಾಂಡಲ್ ಹೊಡೆದರು. ಹೆಲ್ಪರ್ ಹುಡುಗ ಹೊಡೆದ. ಮೇಸ್ತ್ರಿ ಹೊಡೆದ. ಪ್ಲಗ್ ಬಿಚ್ಚಿ ಉಜ್ಜಿದರು, ಬೀಡಿ ಬೆಂಕಿಕಡ್ಡಿಯಲ್ಲಿ ಕಾಯಿಸಿದರು. ತೆಂಗಿನಕಾಯಿಯನ್ನೂ ಒಡೆದರು. ಅಷ್ಟರಲ್ಲಿ ಇಂಜಿನಿಯರು ಮೋಟಾರ್ ಸೈಕಲಿನಲ್ಲಿ ಬಂದರು. ಒಂದು ಗಂಟೆ ಕೆಲಸ ಹಾಳು ಮಾಡಿದಿರಿ ಅಂತ ಎಲ್ಲರಿಗೂ ಬೈದರು. ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಒಂದು ಹನಿ ಪೆಟ್ರೋಲ್ ಇಲ್ಲ. ಹೆಲ್ಪರ್ ಹುಡುಗ ಹಿಂದಿನ ದಿನ ಸಂಜೆಯೇ ಮಾರಿಬಿಟ್ಟಿದ್ದ. ಕೊಂಡವರು ಇಂಜಿನಿಯರೇ. ಆ ಮೋಟಾರ್ ಸೈಕಲ್ ಬಂದಿದ್ದು ಮರಿಯ ಪೆಟ್ರೋಲಿನಲ್ಲಿ.

ಹೀಗೆ ನೆನಪಿಟ್ಟುಕೊಂಡವರು ನಮ್ಮ ಮಾವ ಒಬ್ಬರೇ ಅಲ್ಲ. ಅಮೆರಿಕದಲ್ಲಿ ಈ ಹುಚ್ಚಿನವರು ಬೇಕಾದಷ್ಟು ಇದ್ದಾರೆ. ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ ಇಂಥ ಗಾಡಿಗಳಿಗೇ ಒಂದು ಮ್ಯೂಸಿಯಂ ಇದೆ. ನಮ್ಮೂರಲ್ಲಿ ವರ್ಷಕ್ಕೆ ಒಂದು ದಿನ ಎಳೆಯುವ ತೇರಿಗೆ ಮನೆ ಇದೆ, ಊರಿಗೆ ರಸ್ತೆ ಮಾಡಿಕೊಟ್ಟ ಡೋಜರ್‌ಗೆ ತಗಡಿನ ಶೆಡ್ಡೂ ಇರಲಿಲ್ಲ. ಮಾವನ ಡಿ-8 ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋಯಿತು, ಮರಿ ಸಮೇತ.

ಮೊನ್ನೆ ರಾತ್ರಿ ಮಾವನಿಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದೆ. ಹಳೇ ಕ್ಯಾಟರ್‌ಪಿಲ್ಲರ್ ಸಿಕ್ಸ್ಟಿ, ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಮುದುಕ.

"ಇದ್ಯಾಕೆ ಬೂದು ಬಣ್ಣ? ಪ್ರೈಮರ್ ಹೊಡೆಯೋದ್ರಲ್ಲಿ ದುಡ್ಡು ಮುಗೀತಾ?"

"ಇಲ್ಲ ಮಾವ, 1931ರ ಕೊನೆವರೆಗೂ ಅವರ ಗಾಡಿಗಳು ಬೂದು ಬಣ್ಣದವೇ. ಹಳದಿ ಆಮೇಲೆ ಬಂದಿದ್ದು."

ಮಾವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದ್ದದ್ದು ಅದೇ ಮೊದಲು. ಒಂದು ಕ್ಷಣ ಹಿಗ್ಗಿದೆ. ಅಷ್ಟರಲ್ಲಿ ಆ ಮುದುಕ ಒಂದು ಕಬ್ಬಿಣದ ಸರಳು ತಂದ. ಫ್ಲೈವೀಲಿನ ತೂತಿಗೆ ಸಿಕ್ಕಿಸಿ ಮೈಭಾರ ಬಿಟ್ಟು ಎಳೆದ. ಇಂಜಿನ್ ಢಗ್ ಅಂತ ಎದ್ದಿತು.

ಮಾವ ಫೋನನ್ನು ಕಣ್ಣ ಹತ್ತಿರ ಹಿಡಿದುಕೊಂಡರು. "ಮರೀನೇ ಇಲ್ವಲ್ಲೋ" ಎಂದರು. ಮತ್ತೆ ಹಾಕಿಸಿದರು. ನಾಲ್ಕು ಸಲ.

ಆ ಗಹನವಾದ ಸಂಗತಿಗೆ ಈಗಲಾದರೂ ಬರೋಣ ಅಂದುಕೊಂಡೆ. ಹೊರಗೆ ಢಬ್ ಅಂತು. ನೀರಿನ ಪೈಪ್. ಕಂಪ್ಲೇಂಟ್ ನಂಬರಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಎಲ್ಲ ಬರೆದುಕೊಂಡು ಕೇಳಿದಳು, "ಪೈಪ್ ಒಡೆದಿದ್ದು ಯಾವ ಗಾಡಿ ಸಾರ್? ಜೆಸಿಬಿನಾ, ಹಿಟಾಚಿನಾ?"

"ಒಂದು ನಿಮಿಷ ಇರಿ" ಎಂದು ಮಾವನ ಮುಖ ನೋಡಿದೆ. ಅವರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ಮಂಡಿನೋವು ಎಲ್ಲಿ ಹೋಯಿತೋ. ಕಂಪನಿ ಹೆಸರು ಓದಿಕೊಂಡು ಬರುತ್ತೇನೆ ಅಂತ ಹೊರಟವರು ಕಾಲು ಗಂಟೆಯಾದರೂ ಬಂದಿಲ್ಲ. ಕಿಟಕಿಯಿಂದ ಕಾಣುತ್ತಿದ್ದಾರೆ. ಆಪರೇಟರ್ ಹುಡುಗನನ್ನು ಕೆಳಗಿಳಿಸಿ, ಅವನ ಕೈ ಹಿಡಿದು ಹೆಬ್ಬೆರಳು ಮಡಿಸುತ್ತಿದ್ದಾರೆ. ನೀರು ಇಬ್ಬರ ಚಪ್ಪಲಿವರೆಗೂ ಬಂದಿದೆ. ಫೋನಿನಲ್ಲಿ ಆ ಹುಡುಗಿ ಇನ್ನೂ "ಹಲೋ, ಹಲೋ" ಅನ್ನುತ್ತಿದ್ದಾಳೆ.