ಚೆನ್ನಾಗಿಲ್ಲ ಅಂದ್ರೆ ನಮಗ್ಯಾಕೆ ಬೇಜಾರು?

ಕೊಚ್ಚಿಯಲ್ಲಿ ಮಲಯಾಳಿ ಸ್ನೇಹಿತರ ಜೊತೆ ಕೂತು ಸಿನಿಮಾ ನೋಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅವರು ತಮ್ಮ ಭಾಷೆಯ ಸಿನಿಮಾನ ಎಷ್ಟು ಆರಾಮಾಗಿ ಬೈತಾರೆ! ಮೋಹನ್‌ಲಾಲ್ ಅಂದರೆ ಪ್ರಾಣ ಬಿಡುವವನೂ 'ಸೆಕೆಂಡ್ ಹಾಫ್ ಸುಮ್ನೆ ಎಳೆದಿದ್ದಾರೆ, ಬರೆದವನಿಗೆ ಕಥೆ ಮುಗಿಸೋಕೆ ಬಂದಿಲ್ಲ' ಅಂತ ಹೇಳಿ ಚಹಾಕ್ಕೆ ಎದ್ದು ಹೋಗುತ್ತಾನೆ.

ನಾವು ಹೊರನಾಡಿನವರು ಹಾಗಲ್ಲ. ಇಲ್ಲಿ ಥಿಯೇಟರ್‌ಗೆ ಕನ್ನಡ ಸಿನಿಮಾ ಬರುವುದೇ ಅಪರೂಪ. ಬಂದರೆ ಮದುವೆಗೆ ಹೋದ ಹಾಗೆ ಹೋಗುತ್ತೇವೆ. ಊಟ ಹೇಗೇ ಇರಲಿ, ಚೆನ್ನಾಗಿತ್ತು ಅಂತ ಹೇಳಿ ಬರುತ್ತೇವೆ. ಈಗ ಮನೆಯಲ್ಲೇ ನೋಡುತ್ತೇವೆ, ರಿಮೋಟ್ ನಮ್ಮ ಕೈಯಲ್ಲೇ ಇದೆ. ಆದರೂ ಆ ಮುಲಾಜು ಬಿಟ್ಟಿಲ್ಲ.

ಒಮ್ಮೆ 'ಮಣಿಚಿತ್ರತ್ತಾಳ್' ಮತ್ತು ನಮ್ಮ 'ಆಪ್ತಮಿತ್ರ' ಎರಡನ್ನೂ ಬೆನ್ನು ಬೆನ್ನಿಗೆ ಹಾಕಿದೆವು. ಮಲಯಾಳಂನದು 1993ರದ್ದು, ನಮ್ಮದು ಅದರ ರೀಮೇಕ್, 2004ರದ್ದು. ಅಲ್ಲಿ ನಾಗವಲ್ಲಿ ತಮಿಳು ನರ್ತಕಿ, ನಮ್ಮಲ್ಲಿ ತೆಲುಗಿನವಳು. ಅದಕ್ಕೇ ಆ 'ರಾ ರಾ' ಹಾಡು ತೆಲುಗಿನಲ್ಲಿದೆ. ನಾಗವಲ್ಲಿಯಾಗಿ ನಟಿ ಸೌಂದರ್ಯ ಯಾರಿಗೂ ಕಡಿಮೆ ಇಲ್ಲ. ಸಿನಿಮಾ ಬಿಡುಗಡೆಯಾಗುವ ಮೊದಲೇ ಅವರು ತೀರಿಹೋಗಿದ್ದರು ಅನ್ನೋದು ಗೊತ್ತಿರುವುದರಿಂದ ಆ ಕಣ್ಣುಗಳನ್ನು ನೋಡೋದು ಇನ್ನೂ ಕಷ್ಟ. ಆದರೆ ಒಟ್ಟು ಸಿನಿಮಾ ಅಂತ ನೋಡಿದರೆ ಮಲಯಾಳಂನದೇ ಮೇಲು. ಅಲ್ಲಿ ಮೋಹನ್‌ಲಾಲ್ ಬರುವುದು ಒಂದು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಆ ದೊಡ್ಡ ಮನೆ, ಅಲ್ಲಿನ ಜನ, ಅವರ ಪುಕ್ಕಲುತನ ಎಲ್ಲ ನಮಗೆ ಪರಿಚಯ ಆಗಿರುತ್ತದೆ. ನಮ್ಮಲ್ಲಿ ಹೀರೋನ ಅಷ್ಟು ಹೊತ್ತು ಹೊರಗೆ ನಿಲ್ಲಿಸಿದರೆ ಜನ ಸುಮ್ಮನಿರುತ್ತಾರಾ? ಇದನ್ನು ಒಬ್ಬ ಕನ್ನಡದ ಗೆಳೆಯನಿಗೆ ಹೇಳಿದೆ. ಕೂಡಲೇ 'ವಿಷ್ಣು ಸರ್ ಬಗ್ಗೆ ಹೀಗಾ ಮಾತಾಡೋದು' ಅಂದ. ನಾನು ಅವರ ಬಗ್ಗೆ ಮಾತೇ ಎತ್ತಿರಲಿಲ್ಲ!

'ಕೆಜಿಎಫ್ 2' ವಿಷಯದಲ್ಲಂತೂ ಬಾಯಿ ಬಿಡುವ ಹಾಗೇ ಇಲ್ಲ. ಕೇರಳದಲ್ಲಿ ಅದನ್ನು ಹಂಚಿದ್ದು ಮಲಯಾಳಂ ನಟ ಪೃಥ್ವಿರಾಜ್ ಅವರ ಸಂಸ್ಥೆ, ನನ್ನ ಮಲಯಾಳಿ ಗೆಳೆಯರೆಲ್ಲ ಥಿಯೇಟರ್‌ನಲ್ಲಿ ಸೀಟಿ ಹೊಡೆದು ನೋಡಿದವರು. ದೊಡ್ಡ ಪರದೆಯಲ್ಲಿ ಓಕೆ. ಮನೆಯ ಟಿವಿಯಲ್ಲಿ ಮಾತ್ರ ಬರೀ ಗದ್ದಲ. ಪ್ರತಿ ಐದು ನಿಮಿಷಕ್ಕೊಮ್ಮೆ ಯಾರೋ ಹೀರೋನ ಹೊಗಳುತ್ತಾರೆ, ನಾನು ವಾಲ್ಯೂಮ್ ಇಳಿಸುತ್ತೇನೆ.

ಮನೆಯಲ್ಲಿ ನೋಡಿದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು 'ತಿಥಿ'. ಮಂಡ್ಯ ಕಡೆಯ ಹಳ್ಳಿ. ನಟನೆ ಕಲಿಯದ ಊರಿನವರೇ ಪಾತ್ರ ಮಾಡಿದ್ದಾರೆ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಚಿಂತೆ, ಅವನಪ್ಪ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ, ಕುಡಿಯುತ್ತಾ ಅಲೆಯುತ್ತಾನೆ. ಇದನ್ನು ಮೊಬೈಲ್ ಪಕ್ಕಕ್ಕಿಟ್ಟು ನೋಡಬೇಕು, ಇಲ್ಲಾಂದ್ರೆ ನಿಧಾನ ಅನಿಸುತ್ತೆ.

ಇದನ್ನೂ ಮಲಯಾಳಿ ಗೆಳೆಯನಿಗೆ ತೋರಿಸಿದೆ. ಗಡ್ಡಪ್ಪನಿಗೆ ಅವನು ಪೂರ್ತಿ ಮಾರುಹೋದ. ಆದರೆ ತಮ್ಮಣ್ಣನ ಮಗ ಅಭಿ ಕುರಿ ಕಾಯುವ ಹುಡುಗಿಯ ಹಿಂದೆ ಬೀಳುವ ಭಾಗ ಬೇಕಾಗಿರಲಿಲ್ಲ ಅಂದ. ನನಗೆ ಹಾಗನಿಸಲಿಲ್ಲ. ಆ ಮನೆಯ ಗಂಡಸರು ಒಬ್ಬೊಬ್ಬರೂ ಒಂದೊಂದರ ಹಿಂದೆ ಬಿದ್ದವರು, ಅಭಿ ಮಾತ್ರ ಯಾಕೆ ಸುಮ್ಮನಿರಬೇಕು? ರಾತ್ರಿ ಊಟದವರೆಗೂ ಅದೇ ಜಗಳ ನಡೆಯಿತು. ಇಂಥ ಜಗಳ ಆಡೋಕೆ ಕೊಚ್ಚಿಯಲ್ಲಿ ನನಗೆ ಒಬ್ಬ ಕನ್ನಡಿಗ ಬೇಕು.