ಬೆಳ್ಳುಳ್ಳಿಯನ್ನೂ ಪರೀಕ್ಷೆಗೆ ಕೂರಿಸಿದವರು

ಅಮೆರಿಕದವರಿಗೆ ಬೇರೆ ಕೆಲಸವಿಲ್ಲ. ಇದ್ದಿದ್ದರೆ ಬೆಳ್ಳುಳ್ಳಿಯನ್ನು ಪರೀಕ್ಷೆಗೆ ಕೂರಿಸುತ್ತಿದ್ದರೇ? 2022ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 190 ಮಂದಿಯನ್ನು ಕಲೆಹಾಕಿ, 28 ದಿನ ಕೆಲವರಿಗೆ 5 ಮಿಲಿಗ್ರಾಂ ರೋಸುವಾಸ್ಟಾಟಿನ್ ಎಂಬ ಸ್ಟಾಟಿನ್ ವಂಶದ ಕೊಲೆಸ್ಟ್ರಾಲ್ ಮಾತ್ರೆ, ಕೆಲವರಿಗೆ ಮದ್ದೇ ಇಲ್ಲದ ಹುಸಿಮಾತ್ರೆ, ಉಳಿದವರಿಗೆ ಕೊಲೆಸ್ಟ್ರಾಲ್ ಇಳಿಸುತ್ತವೆಂದು ಮಾರುವ ಬೆಳ್ಳುಳ್ಳಿ, ಅರಿಸಿನ, ದಾಲ್ಚಿನ್ನಿ ಇತ್ಯಾದಿ ಡಬ್ಬಿಗಳನ್ನು ಹಂಚಿದರು. ಮಾತ್ರೆ ತಿಂದವರ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಶೇ 38ರಷ್ಟು ಇಳಿಯಿತು. ಡಬ್ಬಿಗಳೆಲ್ಲ ಹುಸಿಮಾತ್ರೆಯ ಬೆಂಚಿನಲ್ಲೇ ಕುಳಿತವು. ಬೆಳ್ಳುಳ್ಳಿಯಂತೂ ಕೊಲೆಸ್ಟ್ರಾಲನ್ನು ಏರಿಸಿಯೇ ಬಿಟ್ಟಿತು.

ಮುಂಬಯಿಯಲ್ಲಿ ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಬೆಳಗ್ಗೆ ಕೈ ಬೀಸಿ ನಡೆಯುವ ನಮ್ಮ ಕನ್ನಡಿಗರ ತಂಡ ಇದಕ್ಕೆಲ್ಲ ಬಗ್ಗುವುದಲ್ಲ. ‘ರಾಯರೇ, ಆ ಪರೀಕ್ಷೆಗೆ ದುಡ್ಡು ಕೊಟ್ಟದ್ದೇ ಮಾತ್ರೆ ಮಾಡುವ ಕಂಪನಿ’ ಎಂದರು ಶೆಟ್ಟರು. ನಿಜ, ದುಡ್ಡು ಆಸ್ಟ್ರಾಜೆನೆಕಾದ್ದು. ನಾಲ್ಕು ವಾರ ಸಾಲದು ಎಂಬುದನ್ನೂ ಒಪ್ಪೋಣ. ಹಾಗಾದರೆ ಡಬ್ಬಿ ಮಾರುವವರು ತಮ್ಮದೇ ಖರ್ಚಿನಲ್ಲಿ ನಾಲ್ಕು ವರ್ಷದ ಪರೀಕ್ಷೆ ನಡೆಸಬಹುದಲ್ಲ? ಪಾಪ, ಅವರ ದುಡ್ಡೆಲ್ಲ ಹೋರ್ಡಿಂಗ್ ಬಾಡಿಗೆಗೇ ಹೋಗುತ್ತದೆ.

ಗುಗ್ಗುಳದ ಕಥೆ ಇನ್ನೂ ಸೊಗಸು. ನಮ್ಮ ಲಖನೌದ ವಿಜ್ಞಾನಿಗಳೇ ಆ ಮರದಂಟಿನಿಂದ ಕೊಲೆಸ್ಟ್ರಾಲ್ ಮದ್ದು ತೆಗೆದು ಮಾರುಕಟ್ಟೆಗೆ ತಂದಿದ್ದರು. 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ ಎಂಟು ವಾರ ಪರೀಕ್ಷಿಸಿದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವ ಬದಲು ಏರಿತು, ಕೆಲವರ ಮೈಮೇಲೆ ದದ್ದೂ ಎದ್ದಿತು. ಅಲ್ಲಿಂದೀಚೆಗೆ ಗುಗ್ಗುಳದ ಮಾರಾಟ ನಿಂತಿತೇ? ಅಮೆರಿಕದವರ ದೇಹಪ್ರಕೃತಿಯೇ ಬೇರೆ ಎಂಬ ಉತ್ತರ ಸಿದ್ಧವಾಗಿತ್ತು. ಇತ್ತ ಇಸಬ್‌ಗೋಲ್ ಹೊಟ್ಟು ಕೊಲೆಸ್ಟ್ರಾಲನ್ನು ಒಂದಿಷ್ಟು ಇಳಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯೇ ಇದೆ. ಆದರೆ ಮಲಬದ್ಧತೆಗೆ ತಿನ್ನುವ ಹೊಟ್ಟನ್ನು ಹೋರ್ಡಿಂಗಿನಲ್ಲಿ ಹಿಡಿದು ನಗಲು ಯಾವ ನಟ ಒಪ್ಪುತ್ತಾನೆ?

ಮಾತ್ರೆ ಎಂದರೆ ಕೆಮಿಕಲ್, ಡಬ್ಬಿ ಎಂದರೆ ಪ್ರಕೃತಿ ಎಂಬುದು ಶೆಟ್ಟರ ಸಿದ್ಧಾಂತ. ಸ್ಟಾಟಿನ್ ವಂಶದ ಮೊದಲ ಮದ್ದನ್ನು ಜಪಾನಿನ ಅಕಿರಾ ಎಂಡೊ ಕಂಡುಹಿಡಿದದ್ದು ಅಕ್ಕಿಗೆ ಹಿಡಿದ ಬೂಸ್ಟಿನಲ್ಲಿ. ಸಾವಿರಾರು ಬಗೆಯ ಬೂಸ್ಟುಗಳನ್ನು ಜಾಲಾಡಿದ ಮೇಲೆ ಆ ಮನುಷ್ಯನಿಗೆ ಅದು ಸಿಕ್ಕಿತು. ಬೂಸ್ಟಿಗಿಂತ ನೈಸರ್ಗಿಕವಾದದ್ದು ಬೇಕೆಂದರೆ ಮುಂಬಯಿಯ ಮಳೆಗಾಲದಲ್ಲಿ ನಮ್ಮ ಗೋಡೆಗಳನ್ನೇ ತೋರಿಸುತ್ತೇನೆ.

ಶೆಟ್ಟರ ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಿದೆ. ಮುಂದೆ ಕೆಂಪು ಹೃದಯ, ಅದರ ಸುತ್ತ ಹಸಿರೆಲೆ, ಮೊಮ್ಮಗಳನ್ನು ಎತ್ತಿಕೊಂಡು ನಗುವ ಅಜ್ಜ. ಹಿಂದೆ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ, ಔಷಧವಾಗಿ ಬಳಸತಕ್ಕದ್ದಲ್ಲ ಎಂಬ ಸಾಲು. ಕಾನೂನಿನ ಪ್ರಕಾರ ಅದು ಆಹಾರ. ಹಾಗಾಗಿ ಉಪ್ಪಿನಕಾಯಿಯಂತೆ ಅದೂ ಆಹಾರ ಪ್ರಾಧಿಕಾರದ ಪರವಾನಗಿಯಲ್ಲಿ ಅಂಗಡಿಗೆ ಬರುತ್ತದೆ. ಆದರೆ ಉಪ್ಪಿನಕಾಯಿಯನ್ನು ನಂಬಿ ಯಾರೂ ಎದೆಯ ಮಾತ್ರೆ ಬಿಡುವುದಿಲ್ಲ.

ಶೆಟ್ಟರು ಬಿಟ್ಟಿದ್ದಾರೆ. ಎದೆಯೊಳಗೆ ಸ್ಟೆಂಟ್ ಇರುವ ಮನುಷ್ಯ, ವೈದ್ಯರಿಗೂ ಹೇಳದೆ ಮಾತ್ರೆ ನಿಲ್ಲಿಸಿದ್ದಾರೆ. ಜನೌಷಧಿ ಅಂಗಡಿಯಲ್ಲಿ ಹತ್ತು ಮಾತ್ರೆಯ ಪಟ್ಟಿಗೆ ಇಲ್ಲಿನ ಒಂದು ಪ್ಲೇಟು ಇಡ್ಲಿಯಷ್ಟೂ ಬೆಲೆಯಿಲ್ಲ. ಅದನ್ನು ಬಿಡಿಸಿ ಸಾವಿರಾರು ರೂಪಾಯಿಯ ಡಬ್ಬಿ ಹಿಡಿಸಿದವನ ಮೇಲೆ ಕೇಸಿಲ್ಲ, ದಂಡವಿಲ್ಲ, ಒಂದು ನೋಟಿಸೂ ಇಲ್ಲ. ಇಂಥ ಜಾಹೀರಾತು ತಡೆಯಲೆಂದೇ 1954ರಿಂದ ಒಂದು ಕಾಯ್ದೆ ಇದೆ. ಅದನ್ನು ಓದಿದವರು ಯಾರು? ನನಗಂತೂ ಇದನ್ನು ತಮಾಷೆ ಮಾಡಿ ಬರೆಯುವ ಉತ್ಸಾಹವೂ ಉಳಿದಿಲ್ಲ.

ಮೊನ್ನೆ ಭಾನುವಾರ ಉದ್ಯಾನದ ಗೇಟಿನಲ್ಲೇ ಡಬ್ಬಿಯವರ ಮೇಜು ಹಾಕಿತ್ತು. ಟೈ ಕಟ್ಟಿದ ಹುಡುಗ ಬಹಳ ವಿನಯವಂತ. ಇದರ ಪರೀಕ್ಷೆ ಎಲ್ಲಿ ನಡೆದಿದೆಯಪ್ಪಾ ಎಂದು ಕೇಳಿದೆ.

‘ಠಾಣೆ ನಗರದಲ್ಲಿ ಅಂಕಲ್. ಅಲ್ಲಿ ತುಂಬಾ ಜನ ತೆಗೆದುಕೊಳ್ಳುತ್ತಿದ್ದಾರೆ.’